ಆರ್‌ಎಕ್ಸ್ 100 ಕ್ಲಚ್, ಗೇರ್‌ಬಾಕ್ಸ್: ವರ್ಷಗಟ್ಟಲೆ ಓಡಿಸಿದ ಮೇಲೆ

ಗೇರ್‌ಬಾಕ್ಸಿಗೆ ಐದಕ್ಕೆ ಐದು, ಕ್ಲಚ್ಚಿಗೆ ಮೂರೂವರೆ. 1985ರಿಂದ 1996ರವರೆಗೆ ನಮ್ಮ ರಸ್ತೆಗಿಳಿದ ಈ 98 ಸಿಸಿ ಯಮಹಾದ ನಾಲ್ಕು ಗೇರುಗಳು ಸುಲಭಕ್ಕೆ ಸಾಯುವಂಥವಲ್ಲ. ಆದರೂ ಗೇರು ಬೀಳದಿದ್ದರೆ ಮೊದಲು ಕೇಳಿಬರುವ ಮಾತು "ಇಂಜಿನ್ ಇಳಿಸಬೇಕು" ಅಂತಲೇ. ಇಳಿಸೋಕೆ ಮುಂಚೆ ಇದನ್ನು ಓದಿ. ಬಹುಪಾಲು ಗಾಡಿಗಳಲ್ಲಿ ತಪ್ಪು ಗೇರಿನದಲ್ಲ, ಪೂರ್ತಿ ಬಿಡದ ಕ್ಲಚ್ಚಿನದು.

ಗುರುತು ಹಿಡಿಯೋದು ಸುಲಭ. ಸಿಗ್ನಲ್‌ನಲ್ಲಿ ಇಂಜಿನ್ ಓಡುತ್ತಿರುವಾಗ ನ್ಯೂಟ್ರಲ್ ಸಿಗಲ್ಲ, ಆಫ್ ಮಾಡಿದ ಕೂಡಲೇ ಬೆಣ್ಣೆಯ ಹಾಗೆ ಬೀಳುತ್ತೆ. ಫಸ್ಟ್ ಹಾಕಿದರೆ 'ಟಕ್' ಅಂತ ಗಾಡಿ ಮುಂದಕ್ಕೆ ಜಿಗಿಯುತ್ತೆ, ಲಿವರ್ ಹಿಡಿದೇ ಇದ್ದರೂ ಮೆಲ್ಲಗೆ ತೆವಳುತ್ತೆ; ಇದಕ್ಕೇ ಎಳೆತ ಅನ್ನೋದು. ಇಂಜಿನ್ ಆಫ್ ಇದ್ದಾಗಲೂ ಗೇರು ಸಿಕ್ಕಿಹಾಕಿಕೊಂಡರೆ ಮಾತ್ರ ಗೇರನ್ನು ಸರಿಸುವ ಒಳಗಿನ ಭಾಗಗಳಾದ ಶಿಫ್ಟರ್, ಫೋರ್ಕ್ ಕಡೆ ಅನುಮಾನ ಪಡಿ.

ಎಳೆತ ಎಲ್ಲಿಂದ ಬರುತ್ತಿದೆ ಅಂತ ತಿಳಿಯಲು ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ತಿರುಗಿಸಿ. ಭಾರವಾಗಿದ್ದರೆ ಚೈನ್ ಲಾಕ್ ಬಿಚ್ಚಿ, ಚೈನ್ ಕಳಚಿ ಇನ್ನೊಮ್ಮೆ ತಿರುಗಿಸಿ. ಆಗಲೂ ಭಾರವೇ ಆದರೆ ಬ್ರೇಕ್ ಶೂ ಇಲ್ಲವೇ ವೀಲ್ ಬೇರಿಂಗ್. ಚಕ್ರ ಹಗುರಾಗಿ, ಫ್ರಂಟ್ ಸ್ಪ್ರಾಕೆಟ್ (ಚೈನ್ ಕೂರುವ ಇಂಜಿನ್ ಕಡೆಯ ಹಲ್ಲುಚಕ್ರ) ಮಾತ್ರ ಕೈಗೆ ಕರಕರ ಅಂದರೆ ಒಳಗಿನ ಶಾಫ್ಟ್ ಬೇರಿಂಗ್. ಎರಡೂ ಹಗುರಾಗಿದ್ದರೆ ಚೈನೇ ಬಿಗಿಯಾಗಿತ್ತು ಅಂತ ಅರ್ಥ. ಈ ಹತ್ತು ನಿಮಿಷದ ಕೆಲಸ ಬಿಟ್ಟು ಕ್ಲಚ್ ಪ್ಲೇಟ್ ಬದಲಿಸುವವರೇ ಜಾಸ್ತಿ.

ಆಮೇಲೆ ಚೈನ್ ಹಾಕಿ ಸ್ಟಾರ್ಟ್ ಮಾಡಿ. ತಣ್ಣಗಿನ ಇಂಜಿನ್‌ನಲ್ಲಿ, ನ್ಯೂಟ್ರಲ್‌ನಲ್ಲೇ ಚಕ್ರ ನಿಧಾನಕ್ಕೆ ತಿರುಗಿದರೆ ಹೆದರಬೇಡಿ, ಅದು ದಪ್ಪ ಆಯಿಲ್‌ನ ಸಹಜ ಎಳೆತ; ಬ್ರೇಕ್ ಪೆಡಲ್ ಸ್ವಲ್ಪ ತುಳಿದರೆ ನಿಲ್ಲುತ್ತೆ. ಈಗ ಕ್ಲಚ್ ಹಿಡಿದು ಫಸ್ಟ್ ಹಾಕಿ, ಬ್ರೇಕ್ ತುಳಿಯಿರಿ. ಚಕ್ರ ನಿಂತು ಇಂಜಿನ್ ಓಡುತ್ತಲೇ ಇದ್ದರೆ ಕ್ಲಚ್ ಸರಿ. ಇಂಜಿನ್ ಕುಗ್ಗಿ ಆಫ್ ಆಗುವ ಹಾಗಾದರೆ ಪ್ಲೇಟುಗಳು ಬಿಡುತ್ತಿಲ್ಲ. ತಿರುಗುವ ಚಕ್ರದ ಕಡ್ಡಿಗಳ ಹತ್ತಿರ ಕೈ, ಪಂಚೆ, ದುಪಟ್ಟಾ ಯಾವುದೂ ಬೇಡ.

ಮೊದಲು ಕೇಬಲ್ ನೋಡಿ. ಲಿವರ್ ಬುಡದಲ್ಲಿ 2-3 ಮಿ.ಮೀ. ಸಡಿಲ ಆಟ ಸಾಕು. ಹಳೇ ಕೇಬಲ್‌ನ ಹೊರಗಿನ ಕವಚ ಕುಗ್ಗುತ್ತೆ, ಒಳಗಿನ ಎಳೆ ಒಂದೊಂದೇ ಕಿತ್ತು ಬರುತ್ತೆ. ಲಿವರ್ ಪೂರ್ತಿ ಹಿಡಿದರೂ ಇಂಜಿನ್ ಮೇಲಿರುವ, ಕೇಬಲ್ ಎಳೆಯುವ ಪುಶ್ ಲಿವರ್ ಅರ್ಧವೇ ಕದಲುತ್ತೆ. ಒಬ್ಬರು ಹಿಡಿದು ಬಿಡುತ್ತಿರಲಿ, ಇನ್ನೊಬ್ಬರು ಕೆಳಗೆ ಬಗ್ಗಿ ನೋಡಲಿ. ಅಡ್ಜಸ್ಟರ್ ಕೊನೆತನಕ ತಿರುಗಿಸಿದ್ದಾಗಿದೆ ಅಂದರೆ ಹೊಸ ಕೇಬಲ್ ಹಾಕೋ ಹೊತ್ತು ಬಂತು ಅಂತಲೇ.

ಎರಡನೇದು ಆಯಿಲ್. ಗೇರ್‌ಬಾಕ್ಸಿಗೆ ಬೇಕಾದ್ದು 650 ಮಿ.ಲೀ., 20ಡಬ್ಲ್ಯೂ40 ಬೈಕ್ ಆಯಿಲ್ ಧಾರಾಳ. ಲೀಟರ್ ಡಬ್ಬ ಪೂರ್ತಿ ಸುರಿದರೂ ಎಳೆತ, ಗೇರ್ ಸದ್ದು ಮಾಡುತ್ತೆ ಅಂತ 90ರ ಗೇರ್ ಆಯಿಲ್ ಹಾಕಿದರೂ ಎಳೆತ. ಕಾರಿನ ಆಯಿಲ್ ಹಾಕಿದರೆ ಉಲ್ಟಾ, ಸ್ಲಿಪ್, ಅಂದರೆ ಪ್ಲೇಟುಗಳು ಹಿಡಿಯದೆ ಜಾರುವುದು, ಶುರುವಾಗಬಹುದು. ಇಂಜಿನ್ ಬಿಸಿ ಇರುವಾಗಲೇ ಡ್ರೈನ್ ಮಾಡಿ, ಬಂದದ್ದನ್ನು ಅಳೆಯಿರಿ. ಹೊರಗೆ ಎಲ್ಲೂ ಸೋರದೆ 650 ಹಾಕಿದ್ದು 400 ಆಗಿ, ಸೈಲೆನ್ಸರ್ ತುಂಬಾ ಬಿಳಿ ಹೊಗೆ ಬರುತ್ತಿದ್ದರೆ ಬಲಗಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ; ಗೇರ್ ಆಯಿಲನ್ನು ಇಂಜಿನ್ ಕುಡಿಯುತ್ತಿದೆ.

ಇಷ್ಟಕ್ಕೂ ಬಗ್ಗದಿದ್ದರೆ ಬಲಗಡೆ ಕವರ್ ತೆಗೆಯಿರಿ, ಆಯಿಲ್ ಪಂಪ್ ಪೈಪುಗಳ ಮೇಲೆ ಕಣ್ಣಿರಲಿ. ಫ್ರಿಕ್ಷನ್ ಪ್ಲೇಟ್ ಹೊಸದಿದ್ದಾಗ 3 ಮಿ.ಮೀ. ಆಸುಪಾಸು, ಆದರೆ ಸವೆದ ಪ್ಲೇಟ್ ಸಾಮಾನ್ಯವಾಗಿ ಸ್ಲಿಪ್ ಕೊಡುತ್ತೆ, ಎಳೆತವಲ್ಲ. ಎಳೆತಕ್ಕೆ ಸ್ಟೀಲ್ ಪ್ಲೇಟ್ ನೋಡಬೇಕು. ದಪ್ಪ ಗಾಜಿನ ಮೇಲಿಟ್ಟು ಅಂಚಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ. 0.2 ಮಿ.ಮೀ. ಎಲೆ ಒಳಗೆ ಹೋಯಿತೆಂದರೆ ಪ್ಲೇಟ್ ಬಾಗಿದೆ. ನೀಲಿ ಕಲೆ ಕಂಡರೆ ಗೇಜೂ ಬೇಡ, ಎಸೆಯಿರಿ. ಗಾಡಿ ಬಿಸಿಯಾದಂತೆಲ್ಲ ಎಳೆತ ಹೆಚ್ಚುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಬೆಳಿಗ್ಗೆ ಮಾತ್ರ ಎಳೆದು ಆಮೇಲೆ ಸರಿಹೋಗುವುದು ಆಯಿಲ್‌ನಲ್ಲಿ ಅಂಟಿಕೊಂಡ ಪ್ಲೇಟ್, ಅಷ್ಟೇ.

ಹಳೇ ಆರ್‌ಎಕ್ಸ್‌ನ ನಿಜವಾದ ಕಾಯಿಲೆ ಇರುವುದು ಪ್ಲೇಟುಗಳನ್ನು ಹಿಡಿದಿಡುವ ಬುಟ್ಟಿ, ಕ್ಲಚ್ ಬ್ಯಾಸ್ಕೆಟ್‌ನಲ್ಲಿ. ಅದರ ಬೆರಳುಗಳು ಅಲ್ಯೂಮಿನಿಯಂ. ಪ್ಲೇಟಿನ ಅಂಚಿನಲ್ಲಿ ಚಾಚಿರುವ ಕಿವಿಗಳು ವರ್ಷಗಟ್ಟಲೆ ಬಡಿದೂ ಬಡಿದೂ ಅಲ್ಲಿ ಏಣಿಯ ಮೆಟ್ಟಿಲಿನ ಹಾಗೆ ಗುಳಿ ಬೀಳುತ್ತೆ. ಉಗುರು ಆಡಿಸಿದರೆ ಕಟ್ ಕಟ್ ಅಂತ ಸಿಕ್ಕುತ್ತೆ. ಕ್ಲಚ್ ಹಿಡಿದಾಗ ಪ್ಲೇಟ್ ಜಾರಿ ಬೇರೆಯಾಗಬೇಕಲ್ಲ, ಈ ಗುಳಿಯಲ್ಲಿ ಕೂತುಬಿಡುತ್ತೆ. ಎಷ್ಟು ಹೊಸ ಪ್ಲೇಟ್ ಹಾಕಿದರೂ ಪ್ರಯೋಜನವಿಲ್ಲ. ಅರ್ಧ ಮಿ.ಮೀ. ಒಳಗಿನ ಗುಳಿಯನ್ನು ಸಣ್ಣ ಅರದಿಂದ ಚಪ್ಪಟೆಯಾಗಿ ಉಜ್ಜಬಹುದು. ಎಲ್ಲ ಬೆರಳಿಗೂ ಸಮನಾಗಿ, ಪುಡಿ ಒಳಗೆ ಬೀಳದಂತೆ. ಅದಕ್ಕಿಂತ ಆಳವಿದ್ದರೆ ಬ್ಯಾಸ್ಕೆಟ್ಟೇ ಬದಲಿಸಿ. ಒಳಗಿನ ಬಾಸ್‌ನ (ಸ್ಟೀಲ್ ಪ್ಲೇಟುಗಳು ಕೂರುವ ನಡುವಿನ ಭಾಗ) ತೋಡುಗಳನ್ನೂ ಹೀಗೇ ನೋಡಿ.

ವಾಪಸ್ ಜೋಡಿಸುವಾಗ ಆಗುವ ಎಡವಟ್ಟು ಮುಖ್ಯವಾಗಿ ಎರಡು. ಪ್ಲೇಟುಗಳನ್ನು ಬಿಡಿಸಲು ತಳ್ಳುವ ಪುಶ್ ರಾಡ್ ಜತೆಗಿರುವ ಪುಟ್ಟ ಸ್ಟೀಲ್ ಬಾಲ್ ಗ್ರೀಸ್‌ಗೆ ಅಂಟಿ ಕಾಟನ್ ವೇಸ್ಟ್ ಜತೆ ಕಸದಬುಟ್ಟಿ ಸೇರುತ್ತೆ. ಅದಿಲ್ಲದಿದ್ದರೆ ಕ್ಲಚ್ ಬಿಡುವ ಮಾತೇ ಇಲ್ಲ. ಇನ್ನೊಂದು, ಸ್ಪ್ರಿಂಗ್ ಬೋಲ್ಟುಗಳನ್ನು ಒಂದಾದ ಮೇಲೊಂದು ಪೂರ್ತಿ ಬಿಗಿದು ಪ್ರೆಷರ್ ಪ್ಲೇಟನ್ನು ಓರೆ ಮಾಡುವುದು. ಎದುರುಬದುರು, ಸ್ವಲ್ಪಸ್ವಲ್ಪವೇ ಬಿಗಿಯಿರಿ. ಬೋಲ್ಟ್ ಕೂರುವ ಥ್ರೆಡ್ ಅಲ್ಯೂಮಿನಿಯಂನದು, ಜೋರು ಮಾಡಿದರೆ ಕಿತ್ತು ಬರುತ್ತೆ. ಕವರ್ ಮುಚ್ಚುವ ಮುಂಚೆ ಲಿವರ್ ಹಿಡಿದು ನೋಡಿ, ಪ್ಲೇಟ್ ಸುತ್ತಲೂ ಸಮನಾಗಿ ಏಳಬೇಕು. ರೇಸಿಂಗ್ ಸ್ಪ್ರಿಂಗ್ ಅಂತ ಮಾರುವುದನ್ನು ಹಾಕಿದರೆ ಕೈ ನೋವು ಬರುತ್ತೆ, ಎಳೆತ ಹೋಗಲ್ಲ.

ಬಿಡಿಭಾಗ ಈಗಲೂ ಸಿಗುತ್ತೆ, ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಹಳೇ ಪ್ಲೇಟ್ ಜೇಬಲ್ಲೇ ಇಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಒಂದರ ಮೇಲೊಂದಿಟ್ಟು ಕಿವಿಯ ಅಗಲ ಹೋಲಿಸಿ. ನಕಲಿ ಪ್ಲೇಟುಗಳ ಗುಟ್ಟು ಬಯಲಾಗುವುದು ಅಲ್ಲೇ. ಫ್ರಿಕ್ಷನ್ ಪ್ಲೇಟುಗಳನ್ನು ಹಾಕುವ ಹಿಂದಿನ ರಾತ್ರಿ ಗೇರ್‌ಬಾಕ್ಸಿಗೆ ಸುರಿಯುವ ಆಯಿಲ್‌ನಲ್ಲೇ ನೆನೆಹಾಕಿ.