ನಸುಕಿನ ಐದೂಕಾಲಿಗೆ ‘ದಿ ಎಕ್ಸಿಟ್ 8’

‘ಹದಿನೈದು ನಿಮಿಷದಿಂದ ಒಂದು ಗಂಟೆ.’ ‘ದಿ ಎಕ್ಸಿಟ್ 8’ ಅನ್ನೋ ವಿಡಿಯೋ ಗೇಮ್‌ನ ಅವಧಿ ಅಂತ ಇಷ್ಟೇ ಬರೆದಿತ್ತು. ನಾನು ಕೊಂಡಿದ್ದು ಅದೊಂದೇ ಕಾರಣಕ್ಕೆ. ಮಗಳು ಮಲಗಿ, ಹಾಲಿನ ಪಾತ್ರೆ ತೊಳೆದು, ಹೆಸರುಕಾಳು ನೆನೆಹಾಕುವಷ್ಟರಲ್ಲಿ ರಾತ್ರಿ ಹನ್ನೊಂದಾಗುತ್ತದೆ. ಮೂವತ್ತು ಗಂಟೆಯ ಹಾರರ್ ಆಟ ಶುರುಮಾಡಿದರೆ ಮುಗಿಸೋದು ಯಾವಾಗ?

ಇದು ಜಪಾನಿನ ಗೇಮ್ ತಯಾರಕ ಕೊಟಾಕೆ ಕ್ರಿಯೇಟ್ 2023ರಲ್ಲಿ ತಂದ ಆಟ. ನೆಲದಡಿಯ ರೈಲು ನಿಲ್ದಾಣದ ಒಂದೇ ಒಂದು ಬಿಳಿ ಟೈಲ್ಸ್ ದಾರಿ. ಒಂದು ಗೋಡೆಗೆ ಪೋಸ್ಟರ್‌ಗಳು, ಇನ್ನೊಂದಕ್ಕೆ ಬಾಗಿಲುಗಳು, ಎದುರಿಂದ ಬ್ರೀಫ್‌ಕೇಸ್ ಹಿಡಿದು ಬರುವ ಒಬ್ಬ ಮನುಷ್ಯ. ಎಲ್ಲ ಮೊದಲಿನಂತೇ ಇದ್ದರೆ ಮುಂದೆ ನಡೆಯಬೇಕು. ಏನಾದರೂ ಬದಲಾಗಿದ್ದರೆ ಬಂದ ದಾರಿಗೇ ತಿರುಗಬೇಕು. ಸರಿಯಾದರೆ ಬೋರ್ಡಿನ ಸಂಖ್ಯೆ ಒಂದು ಏರುತ್ತದೆ, ತಪ್ಪಿದರೆ ಸೊನ್ನೆ. ಎಂಟನೇ ದ್ವಾರ ಸಿಕ್ಕರೆ ಹೊರಗೆ.

ಮೊದಲ ವಾರ ಒಂದು ಬಾಗಿಲ ಮುಂದೆ ನಿಂತೇಬಿಟ್ಟೆ. ಹಿಡಿಕೆ ಅಂಚಿನಲ್ಲಿರಲಿಲ್ಲ, ಬಾಗಿಲಿನ ನಟ್ಟನಡುವೆ ಇತ್ತು. ರಕ್ತ ಇಲ್ಲ, ಕಿರುಚಾಟ ಇಲ್ಲ. ಸುಮ್ನೆ ಒಂದು ಹಿಡಿಕೆ. ಮೈ ಜುಮ್ಮೆಂದಿತು.

ಆಮೇಲೆ ಬೇಜಾರು ಶುರುವಾಯಿತು. ಕೆಂಪು ನೀರು ನುಗ್ಗಿ ಬಂದರೆ ಯಾರಿಗಾದರೂ ಕಾಣುತ್ತೆ, ಸಣ್ಣ ಬದಲಾವಣೆಗಳು ಹಾಗಲ್ಲ. ಏಳರವರೆಗೆ ಹೋಗಿ ಸೊನ್ನೆ, ಮತ್ತೆ ಆರು, ಮತ್ತೆ ಸೊನ್ನೆ. ಎಲ್ಲಿ ಎಡವಿದೆ ಅಂತ ಆಟ ಹೇಳುವುದೂ ಇಲ್ಲ. ದಿನವಿಡೀ ಎಕ್ಸೆಲ್ ನೋಡಿದ ಕಣ್ಣಿಗೆ ಹನ್ನೊಂದು ಗಂಟೆಯಲ್ಲಿ ಎಲ್ಲ ಪೋಸ್ಟರೂ ಒಂದೇ. ಎರಡು ವಾರ ಮುಟ್ಟಲೇ ಇಲ್ಲ.

ಒಂದು ದಿನ ಬೇಗ ಎಚ್ಚರವಾಯಿತು, ಸುಮ್ಮನೆ ತೆರೆದೆ. ಈಗ ಅದೇ ರೂಢಿ. ಐದೂಕಾಲಿಗೆ ಫಿಲ್ಟರ್‌ಗೆ ಬಿಸಿನೀರು ಹಾಕಿ, ಡಿಕಾಕ್ಷನ್ ಇಳಿಯುವವರೆಗೆ ಆಡುತ್ತೇನೆ. ಹೆಡ್‌ಫೋನ್ ಒಂದೇ ಕಿವಿಗೆ, ಇನ್ನೊಂದು ಕಿವಿ ಮಗಳ ಕಡೆ. ಮನೆಯಲ್ಲಿ ಸದ್ದಿಲ್ಲ, ಆಟದಲ್ಲಿ ನನ್ನ ಹೆಜ್ಜೆಯ ಸದ್ದು ಮಾತ್ರ. ಕಣ್ಣು ಹೊಸದಾಗಿರುತ್ತೆ. ಎಂಟನೇ ದ್ವಾರ ಸಿಕ್ಕಿದ್ದು ಮೂರನೇ ಬೆಳಿಗ್ಗೆ. “ಯಾವ ಪರೀಕ್ಷೆಗೆ ಓದ್ತಿದ್ದೀಯೇ?” ಅಂತ ಅಮ್ಮ ಕೇಳಿದರು. ಒಂದು ಸುತ್ತು ತೋರಿಸಿದೆ. “ಆ ಪೋಸ್ಟರಿನ ಕಣ್ಣು ನಮ್ಮ ಕಡೆಗೇ ತಿರುಗ್ತಿದೆ ನೋಡು” ಅಂದರು. ನಾನು ಅದನ್ನು ದಾಟಿ ಹೋಗಿಬಿಟ್ಟಿದ್ದೆ.

ಕೆಲಸ, ಮಕ್ಕಳು ಅಂತ ಆಟ ಬಿಟ್ಟವರು ಖಂಡಿತ ತಗೊಳ್ಳಿ. ರಾತ್ರಿ ಮಾತ್ರ ಆಡಬೇಡಿ. ನಾಲ್ಕು ತಿಂಗಳಾಯಿತು, ನಾನು ಕಾಣದ ಬದಲಾವಣೆಗಳು ಇನ್ನೂ ಕೆಲವು ಉಳಿದಿವೆ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸುವಾಗ ಹಳದಿ ಟೈಲ್ಸ್ ಪಕ್ಕ ನಡೆಯುತ್ತಾ ಈಗ ಬಾಗಿಲುಗಳ ಹಿಡಿಕೆ ನೋಡುತ್ತೇನೆ. ಇವತ್ತೂ ನೋಡಿದೆ. ಎಲ್ಲ ಅಂಚಿನಲ್ಲೇ ಇದ್ದವು.