ಒಂದೇ ಮಾಳಿಗೆ, ಎರಡು ನಮೂನಿ ಸೋಲಾರ್ ಪ್ಯಾನೆಲ್

ಹುಬ್ಬಳ್ಳಿಯ ಕೇಶ್ವಾಪುರದ ಕಡೆ ನಮ್ಮ ಮನೆ. ಅಪ್ಪ ಕಟ್ಟಿಸಿದ್ದು. ವಾಟ್ನಿ ಆದಮೇಲೆ ನಡುವೆ ಗೋಡೆ ಎದ್ದು ಮನೆ ಎರಡಾಯಿತು, ಮಾಳಿಗೆ ಮಾತ್ರ ಇನ್ನೂ ಒಂದೇ. ಮೊಣಕಾಲೆತ್ತರದ ಒಂದು ಕಟ್ಟೆ ಇದೆ, ಈಚೆಗಿನದು ನನ್ನ ಪಾಲು, ಆಚೆಗಿನದು ತಮ್ಮನ ಪಾಲು. ಈಚೆ 2018ರ ಮಾರ್ಚಿನಲ್ಲಿ ನಾನು ಹಾಕಿಸಿದ 330 ವ್ಯಾಟಿನ ಆರು ಪಾಲಿ (ಹಳೇ ನಮೂನಿ ಸಿಲಿಕಾನ್ ಸೆಲ್ಲಿನ) ಪ್ಯಾನೆಲ್, ಒಟ್ಟು 1.98 ಕಿಲೋವ್ಯಾಟ್. ಆಚೆ 2024ರ ಆಗಸ್ಟಿನಲ್ಲಿ ತಮ್ಮ ಹಾಕಿಸಿದ 545 ವ್ಯಾಟಿನ ಆರು ಮೋನೋ ಪರ್ಕ್ (ಅದಕ್ಕಿಂತ ಹೊಸ ನಮೂನಿ ಸೆಲ್ಲಿನ) ಪ್ಯಾನೆಲ್, ಹಾಫ್ ಕಟ್ ಅಂದರೆ ಸೆಲ್ ಅರ್ಧ ಕತ್ತರಿಸಿದ್ದು, ಬೈಫೇಶಿಯಲ್ ಅಂದರೆ ಎರಡೂ ಮುಖ ಬೆಳಕು ಹಿಡಿಯುವಂಥದ್ದು, ಒಟ್ಟು 3.27 ಕಿಲೋವ್ಯಾಟ್. ಅದೇ ಬಿಸಿಲು, ಅದೇ ಧೂಳು, ಅದೇ ಪಾರಿವಾಳ. ಆರ್.ಆರ್. ನಂಬರ್ ಬೇರೆ, ಲೈನಿಗೆ ಕೊಟ್ಟದ್ದು, ಲೈನಿನಿಂದ ತೆಗೆದುಕೊಂಡದ್ದು ಎರಡನ್ನೂ ಎಣಿಸುವ ನೆಟ್ ಮೀಟರ್ ಬೇರೆ. ಹೋಲಿಸಿ ನೋಡಲಿಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ಓಣಿಯ ಮಂದಿ ಬಂದು ಕೇಳುವುದು ಒಂದೇ ಮಾತು. "ಯಾವ ಕಂಪನಿ ಪ್ಯಾನೆಲ್ ಛಲೋ ರೀ?" ನನ್ನ ಉತ್ತರ ಕೇಳಿ ಅರ್ಧ ಜನಕ್ಕೆ ಬೇಸರ ಆಗುತ್ತದೆ. ಏಳು ವರ್ಷದಲ್ಲಿ ನನಗೆ ತ್ರಾಸು ಕೊಟ್ಟವುಗಳಲ್ಲಿ ಪ್ಯಾನೆಲ್ ಒಂದೂ ಇಲ್ಲ.

ಮೊದಲು ಲೆಕ್ಕ. 2024ರ ಸೆಪ್ಟೆಂಬರಿನಿಂದ 2025ರ ಆಗಸ್ಟ್ ತನಕ ನನ್ನದು 2,690 ಯೂನಿಟ್ ಕೊಟ್ಟಿತು, ತಮ್ಮನದು 4,780. "ನೋಡಣ್ಣ, ಹೆಚ್ಚೂಕಡಿಮಿ ಡಬಲ್!" ಅಂದ ತಮ್ಮ. ಹಾಗೆ ನೋಡಬಾರದು. ಅವನದು 3.27, ನನ್ನದು 1.98. ಒಂದು ಕಿಲೋವ್ಯಾಟಿಗೆ ಭಾಗಿಸಿದರೆ ಅವನಿಗೆ ವರ್ಷಕ್ಕೆ 1,462, ನನಗೆ 1,359. ನೂರಕ್ಕೆ ಏಳೆಂಟು ಹೆಚ್ಚು, ಅಷ್ಟೇ. ನನ್ನ ಹಳೇ ನೋಟ್‌ಬುಕ್ ತೆಗೆದರೆ ಮೊದಲ ವರ್ಷ ನನ್ನದು 2,910 ಕೊಟ್ಟಿತ್ತು, ಕಿಲೋವ್ಯಾಟಿಗೆ 1,470. ಆ ವರ್ಷದ ಮೋಡ ಬೇರೆ, ಈ ವರ್ಷದ ಮಳೆ ಬೇರೆ, ಒಪ್ಪುತ್ತೇನೆ. ಆದರೂ ನನ್ನ ಪಾಲಿ ಹೊಸದಿದ್ದಾಗ ಕೊಟ್ಟಿದ್ದನ್ನೇ ಅವನ ಮೋನೋ ಈಗ ಹೊಸದಾಗಿ ಕೊಡುತ್ತಿದೆ.

ಹಾಗಾದರೆ ಶೇಕಡಾ 17ರ ದಕ್ಷತೆ, ಶೇಕಡಾ 21ರ ದಕ್ಷತೆ ಅಂತ ಮಾರುವವರು ಹೇಳುವುದು ಸುಳ್ಳೇ? ಸುಳ್ಳಲ್ಲ, ಅದು ಜಾಗದ ಲೆಕ್ಕ. ನನ್ನ ಒಂದು ಪ್ಯಾನೆಲ್ ಎರಡು ಚದರ ಮೀಟರಿಗೆ ಸ್ವಲ್ಪ ಕಡಿಮೆ, 330 ವ್ಯಾಟ್. ಅವನದು ಎರಡೂವರೆಗೆ ಸ್ವಲ್ಪ ಹೆಚ್ಚು, 545 ವ್ಯಾಟ್. ಮಾಳಿಗೆ ಸಣ್ಣದಿದ್ದು ಮೂರು ಕಿಲೋವ್ಯಾಟ್ ಕೂಡಿಸಲೇಬೇಕು ಅಂದರೆ ದಕ್ಷತೆ ನೋಡಬೇಕು. ಜಾಗ ಸಾಕಷ್ಟಿದ್ದವರಿಗೆ ಕಿಲೋವ್ಯಾಟ್ ಅಂದರೆ ಕಿಲೋವ್ಯಾಟ್. ಈಗಂತೂ ಅಂಗಡಿಯಲ್ಲಿ ಪಾಲಿ ಕೇಳಿದರೆ ನಗುತ್ತಾರೆ, ಆ ಮಾತು ಬೇರೆ.

ನಮ್ಮ ಕಡೆ ನಿಜವಾಗಿ ಲೆಕ್ಕಕ್ಕೆ ಬರುವುದು ಸೆಕೆ. ಪ್ಯಾನೆಲ್ ಬೆನ್ನಿಗೆ ಬರೆದ 330, 545 ಎಲ್ಲಾ ಲ್ಯಾಬಿನ ಅಂಕಿ, ಸೆಲ್ 25 ಡಿಗ್ರಿ ಇದ್ದಾಗಿನದು. ಏಪ್ರಿಲ್ ಮಧ್ಯಾಹ್ನ ಮಾಳಿಗೆಗೆ ಬರಿಗಾಲಲ್ಲಿ ಹೋದವರಿಗೆ ಗೊತ್ತು, ಅಲ್ಲಿ 25 ಎಲ್ಲಿಂದ ಬರಬೇಕು? ಸೆಲ್ 60 ಡಿಗ್ರಿ ದಾಟುತ್ತದೆ. ಒಂದೊಂದು ಡಿಗ್ರಿ ಏರಿದಂತೆ ಪಾಲಿಗೆ ಸುಮಾರು ಶೇಕಡಾ 0.4, ಮೋನೋ ಪರ್ಕಿಗೆ 0.35, ಟಾಪ್‌ಕಾನ್ ಅನ್ನುವ ಹೊಸ ತಳಿಗೆ 0.3ರ ಆಸುಪಾಸು ಕಡಿತ. 35 ಡಿಗ್ರಿ ಏರಿದರೆ ನನ್ನದು ಶೇಕಡಾ 14 ಕಳೆದುಕೊಳ್ಳುತ್ತದೆ, ತಮ್ಮನದು 12, ಟಾಪ್‌ಕಾನ್ ಆಗಿದ್ದರೆ ಹತ್ತೂವರೆ. ಗದಗ-ಬೆಟಗೇರಿಯಲ್ಲಿ ಮಗ್ಗ ನಡೆಸುವ ನಮ್ಮ ಸಂಬಂಧಿಕರೊಬ್ಬರು ಇದೇ ಲೆಕ್ಕ ಹಾಕಿ ಟಾಪ್‌ಕಾನ್ ಹಾಕಿಸಿದ್ದಾರೆ, ಅಲ್ಲಿಯ ಸೆಕೆಗೆ ಅದು ಸರಿ. ಪ್ಯಾನೆಲಿನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡುವ ನನ್ನ ಇನ್ವರ್ಟರ್ ಪರದೆಯಲ್ಲಿ ನಾನು ಕಂಡ ಅತಿ ದೊಡ್ಡ ಅಂಕಿ ಏಪ್ರಿಲಿನದಲ್ಲ, ಒಂದು ಜೋರು ಮಳೆ ಹೊಡೆದು ಮೋಡ ಸರಿದು ಪಟ್ಟನೆ ಬಿಸಿಲು ಬಿದ್ದ ಸೆಪ್ಟೆಂಬರ್ ಮಧ್ಯಾಹ್ನದ್ದು. ಗಾಜು ತೊಳೆದಿತ್ತು, ಸೆಲ್ ತಂಪಿತ್ತು.

ಮಳೆಗಾಲದಲ್ಲಿ ಎಷ್ಟು ಇಳಿಯುತ್ತದೆ ಅಂತ ಕೇಳುತ್ತಾರೆ. ಈ ವರ್ಷ ಮಾರ್ಚಿನಲ್ಲಿ ನನ್ನದು 264 ಯೂನಿಟ್, ಜುಲೈನಲ್ಲಿ 161. ಧಾರವಾಡದವರು ಇನ್ನೂ ಸ್ವಲ್ಪ ಕಡಿಮೆ ಹಿಡಿಯಿರಿ, ಅಲ್ಲಿಯ ಜಿಟಿಜಿಟಿ ನಿಮಗೇ ಗೊತ್ತು.

ಇನ್ನು ಧೂಳು. ಹುಬ್ಬಳ್ಳಿಯ ಧೂಳಿನ ಬಗ್ಗೆ ಹುಬ್ಬಳ್ಳಿಯವರಿಗೆ ಹೇಳಬೇಕಿಲ್ಲ. ಪ್ಯಾನೆಲ್ ಮೇಲೆ ಎಲ್ಲಾ ಕಡೆ ತೆಳ್ಳಗೆ ಕೂತ ಧೂಳಿಗಿಂತ ಕೆಟ್ಟದ್ದು ಕೆಳ ಅಂಚಿನದು. ಚಳಿಗಾಲದ ಬೆಳಗ್ಗೆ ಇಬ್ಬನಿ ಬಿದ್ದು ಧೂಳೆಲ್ಲಾ ಕೆಳಗಿಳಿದು ಫ್ರೇಮಿನ ಅಂಚಿಗೆ ನಿಲ್ಲುತ್ತದೆ, ಒಣಗಿದ ಮೇಲೆ ಎರಡು ಬೆರಳಗಲ ಕರಿ ಎರೆಮಣ್ಣಿನ ಪಟ್ಟಿ. ನನ್ನ ಪ್ಯಾನೆಲಿನಲ್ಲಿ ಸೆಲ್ಲುಗಳು ಉದ್ದುದ್ದ ಮೂರು ಗುಂಪಾಗಿ ಹೆಣೆದಿವೆ, ಕೆಳಗಿನ ಸಾಲಿನ ಸೆಲ್ ಮುಚ್ಚಿದರೆ ಮೂರೂ ಗುಂಪಿನ ಕೈ ಕಟ್ಟಿದಂತೆ. ತಮ್ಮನ ಹಾಫ್ ಕಟ್ಟಿನಲ್ಲಿ ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆ. ಕೆಳಗೆ ಕೆಸರಿದ್ದರೂ ಮೇಲಿನದು ದುಡಿಯುತ್ತಿರುತ್ತದೆ. ಮೋನೋ-ಪಾಲಿ ವಾದಕ್ಕಿಂತ ಈ ಹಾಫ್ ಕಟ್ ನನಗೆ ದೊಡ್ಡ ಸುಧಾರಣೆ ಅನ್ನಿಸಿದ್ದು. ಕಳೆದ ಫೆಬ್ರವರಿಯಲ್ಲಿ ಆ ಪಟ್ಟಿ ತಿಕ್ಕಿ ತೆಗೆದ ಮರುದಿನ ನನ್ನದು ದಿನಕ್ಕೆ 7.8 ಯೂನಿಟ್‌ನಿಂದ 8.6ಕ್ಕೆ ಏರಿತು. ತಮ್ಮನದು ಅಷ್ಟು ಏರಲಿಲ್ಲ, ಅಷ್ಟು ಇಳಿದೂ ಇರಲಿಲ್ಲ.

ತೊಳೆಯಲು ಬೋರಿನ ನೀರು ಬಳಸಬೇಡಿ. ಮೊದಲ ವರ್ಷ ಬಳಸಿ ಗಾಜಿನ ಮೇಲೆ ಬಿಳಿ ಕಲೆ ಮಾಡಿಕೊಂಡೆ, ಇವತ್ತಿಗೂ ಪೂರ್ತಿ ಹೋಗಿಲ್ಲ. ಮಲಪ್ರಭಾ ನೀರು ಬಿಟ್ಟ ದಿನ ಎರಡು ಬಕೆಟ್ ಮೇಲಕ್ಕೆ ಒಯ್ದಿಟ್ಟುಕೊಳ್ಳುತ್ತೇನೆ. ಮರುದಿನ ಸೂರ್ಯ ಏಳುವ ಮೊದಲು ಮೃದು ಬ್ರಶ್, ಒಂದು ವೈಪರ್, ಮುಗಿಯಿತು. ಕಾದ ಗಾಜಿಗೆ ತಣ್ಣೀರು ಸುರಿಯಬಾರದು.

ಈಗ ನನಗೆ ತ್ರಾಸು ಕೊಟ್ಟದ್ದರ ಕತೆ. 2021ರ ಜುಲೈ. ಐದಾರು ದಿನ ಬಿಡದೆ ಸಣ್ಣ ಮಳೆ. ಬೆಳಗ್ಗೆ ನೋಡಿದರೆ ಇನ್ವರ್ಟರಿನಲ್ಲಿ ಕೆಂಪು ದೀಪ, ಪರದೆಯಲ್ಲಿ ಇನ್ಸುಲೇಶನ್ ದೋಷ ಅಂತ, ಅಂದರೆ ವೈರಿನಿಂದ ಎಲ್ಲೋ ಕರೆಂಟು ಸೋರುತ್ತಿದೆ ಅಂತ. ಹನ್ನೊಂದು ಗಂಟೆಗೆ ತನ್ನಷ್ಟಕ್ಕೇ ಹಸಿರಾಯಿತು. ಮರುದಿನ ಮತ್ತೆ ಕೆಂಪು, ಮಧ್ಯಾಹ್ನ ಒಂದು ಗಂಟೆಯ ತನಕ. ಮೂರನೇ ದಿನ ಸಂಜೆಯವರೆಗೂ ಏಳಲಿಲ್ಲ. ಹಾಕಿಕೊಟ್ಟವರಿಗೆ ಫೋನ್ ಮಾಡಿದೆ. "ಮಳಿ ನಿಂತ ಮ್ಯಾಲ ಬರ್ತೇವ್ರಿ ಸರ್." ಮಳೆ ನಿಂತಿತು. "ಹುಡುಗ್ರಿಲ್ರಿ, ಸೋಮವಾರ ಕಳಸ್ತೇವ್ರಿ." ಆ ಸೋಮವಾರ ಇನ್ನೂ ಬಂದಿಲ್ಲ. ಕೊನೆಗೆ ಗೋಕುಲ ರೋಡ್ ಕಡೆ ಕಾರ್ಖಾನೆಗಳ ವೈರಿಂಗ್ ಮಾಡುವ ಒಬ್ಬ ಹಿರಿಯ ಇಲೆಕ್ಟ್ರಿಶಿಯನ್ ಬಂದರು. ಮೀಟರ್ ಹಚ್ಚುವ ಮೊದಲೇ ಮಂಡಿಯೂರಿ ಪ್ಯಾನೆಲ್ ಕೆಳಗೆ ಕೈ ಹಾಕಿ ಒಂದು ವೈರ್ ಎಳೆದರು. ಎರಡು ಪ್ಯಾನೆಲ್ ಕೂಡಿಸುವ ಕನೆಕ್ಟರ್ ಮಾಳಿಗೆಯ ಮೇಲೇ ಬಿದ್ದಿತ್ತು, ಸುತ್ತ ಅಂಗೈಯಗಲ ನೀರು. ಬಿಚ್ಚಿದರೆ ಒಳಗೆ ಹಸಿರು ಕಿಲುಬು, ಒಂದು ಮಗ್ಗುಲಲ್ಲಿ ಪ್ಲಾಸ್ಟಿಕ್ ಕರಗಿ ಕಂದುಬಣ್ಣ, ಸುಟ್ಟ ವಾಸನೆ. "ಗಂಡು ಒಂದ್ ಕಂಪನೀದು, ಹೆಣ್ಣು ಒಂದ್ ಕಂಪನೀದು ಜೋಡ್ಸ್ಯಾರ್ರೀ ಸಾಹೇಬ್ರ. ಸಂಸಾರ ಹೆಂಗ ನಡೀಬೇಕು?" ಅಂದರು. ಒಂದೇ ಮಾದರಿಯ ಹೊಸ ಜೋಡಿ ಹಾಕಿ, ಸರಿಯಾದ ಇಕ್ಕಳದಿಂದ ಒತ್ತಿ, ವೈರುಗಳನ್ನೆಲ್ಲಾ ಮೇಲೆತ್ತಿ ಫ್ರೇಮಿಗೆ ಕಟ್ಟಿದರು. ಖರ್ಚು ಆರುನೂರು ರೂಪಾಯಿ. ಅಲ್ಲಿಯ ತನಕ ಕಳೆದುಕೊಂಡದ್ದು ಮೂರು ವಾರದ ವಿದ್ಯುತ್ತು. ಬೇಸಿಗೆಯಲ್ಲಿ ಅದು ಕಿಡಿ ಹಾರಿಸಿದ್ದರೆ ಅನ್ನುವ ಯೋಚನೆ ರಾತ್ರಿ ಬಂತು.

ಹಾಗಾಗಿ ತಮ್ಮ ಹಾಕಿಸುವಾಗ ನಾನೇ ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಹುಡುಗರಿಗೆ ಸಿಟ್ಟು ಬಂದಿತ್ತು, ಬರಲಿ. ನನ್ನ ಸ್ಟ್ಯಾಂಡು ಬಣ್ಣ ಬಳಿದ ಸಾದಾ ಕಬ್ಬಿಣ, ಮೂರನೇ ಮಳೆಗಾಲಕ್ಕೆ ವೆಲ್ಡಿಂಗ್ ಜಾಗದಲ್ಲೆಲ್ಲಾ ತುಕ್ಕು. ಆಂಕರ್ ಬೋಲ್ಟ್ ಹೊಡೆಯಲು ಸ್ಲ್ಯಾಬ್ ಕೊರೆದಿದ್ದರಿಂದ ದೇವರ ಮನೆಯ ಮೂಲೆ ಸೋರಿತು, ಅವ್ವ ನನ್ನನ್ನು ಬೈಯಲು ಇವತ್ತಿಗೂ ಅದೇ ನೆವ. ತಮ್ಮನದು ಸತುವಿನ ಲೇಪ ಇರುವ ಜಿಐ ಸ್ಟ್ಯಾಂಡು, ಸ್ಲ್ಯಾಬ್ ಮುಟ್ಟದೆ ಕಾಂಕ್ರೀಟ್ ಗುಂಡು ಎರಕ ಹೊಯ್ದು ಅದರಲ್ಲಿ ಕಾಲು ಹುಗಿದದ್ದು. ಮುಂಗಾರಿಗೆ ಮೊದಲಿನ ಗಾಳಿಗೆ ತಡೆಯಬೇಕಲ್ಲ ಅಂತ ಗುಂಡು ದೊಡ್ಡದೇ ಹೊಯ್ಸಿದೆವು. ಬೈಫೇಶಿಯಲ್ ಕೆಳಗಿನ ಬೆಳಕನ್ನೂ ಹಿಡಿಯುತ್ತದೆ ಅಂತ ಎಂಟು ಅಡಿ ಎತ್ತರಿಸಿ, ಕೆಳಗೆ ಬಿಳಿ ಬಣ್ಣ ಬಳಿಸಿದ. ಅದರಿಂದ ಎಷ್ಟು ಹೆಚ್ಚು ಬಂತು ಅಂತ ಬೇರೆ ಮಾಡಿ ಹೇಳಲು ನನಗಾಗದು, ಆದರೆ ಒಂದು ಜಗಳ ಮಾತ್ರ ಹೆಚ್ಚು ಬಂತು. ಅವ್ವ ಬ್ಯಾಡಗಿ ಮೆಣಸಿನಕಾಯಿ ಒಣಹಾಕುವ ಜಾಗ ಅದೇ. "ನೆರಳಾಗ ಮೆಣಸಿನಕಾಯಿ ಒಣಗ್ತಾವೇನೋ? ಬಿಸಲೆಲ್ಲಾ ನೀವ ನುಂಗಿದ್ರ ಸಂಡಿಗಿ ಎಲ್ಲಿ ಹಾಕ್ಲಿ?" ಈಗ ಅವರ ಚಾಪೆ ಕಟ್ಟೆ ದಾಟಿ ನನ್ನ ಪಾಲಿಗೆ ಬಂದಿದೆ.

ಲೈಟ್ ಹೋದಾಗ ಸೋಲಾರ್ ಇದ್ದರೂ ಮನೆ ಕತ್ತಲೆ, ಇದನ್ನು ಮಾರುವವರು ಬಾಯಿ ಬಿಟ್ಟು ಹೇಳುವುದಿಲ್ಲ. ಗ್ರಿಡ್ಡಿಗೆ ಜೋಡಿಸಿದ ಇನ್ವರ್ಟರ್ ಲೈನಿನಲ್ಲಿ ಕರೆಂಟಿಲ್ಲದಾಗ ತಾನೂ ನಿಲ್ಲಲೇಬೇಕು, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನ್ ಗತಿ ಏನು? ಬ್ಯಾಟರಿ ಬೇಕಾದರೆ ಹೈಬ್ರಿಡ್ ಇನ್ವರ್ಟರ್, ಅದರ ದುಡ್ಡು ಬೇರೆ. ಉಲ್ಟಾ ಸಮಸ್ಯೆಯೂ ಇದೆ. ಲೈನಿನ ವೋಲ್ಟೇಜ್ ಮಿತಿ ಮೀರಿದರೆ ಇನ್ವರ್ಟರ್ ಕೈಬಿಡುತ್ತದೆ. ತಮ್ಮನದು ಬೇಸಿಗೆಯ ಕೆಲವು ಭಾನುವಾರ ಮಧ್ಯಾಹ್ನ ಹೀಗೆ ಹತ್ತು-ಹದಿನೈದು ನಿಮಿಷ ಕೂತುಬಿಟ್ಟದ್ದುಂಟು.

ದುಡ್ಡು. ನಾನು 2018ರಲ್ಲಿ ಸಬ್ಸಿಡಿಯ ಉಸಾಬರಿಗೆ ಹೋಗದೆ 1,42,000 ಕೊಟ್ಟೆ. ತಮ್ಮ 1,95,000 ಕೊಟ್ಟ, ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ವಾಪಸು ಖಾತೆಗೆ ಬಂತು. ಆ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಅಲ್ಲಿಗೆ ನಿಲ್ಲುತ್ತದೆ. ಸಬ್ಸಿಡಿ ಬೇಕೆಂದರೆ ಸೆಲ್ ಸಹ ಭಾರತದಲ್ಲೇ ಆಗಿರಬೇಕು, ಡಿಸಿಆರ್ ಅನ್ನುತ್ತಾರೆ, ಅದು ವ್ಯಾಟಿಗೆ ತುಸು ದುಬಾರಿ. ಕೊಟೇಶನ್ನಿನಲ್ಲಿ ಡಿಸಿಆರ್ ಅಂತ ಬರೆಸಿಕೊಳ್ಳಿ, ಬಂದ ದಿನ ಪ್ಯಾನೆಲ್ ಬೆನ್ನಿನ ಸೀರಿಯಲ್ ನಂಬರ್ ಫೋಟೋ ಹೊಡೆದಿಡಿ. ವಾರೀ, ವಿಕ್ರಮ್, ಟಾಟಾ, ಬೆಂಗಳೂರಿನ ಎಮ್ವೀ ಎಲ್ಲರ ಕೊಟೇಶನ್ನೂ ನಮ್ಮ ಮೇಜಿನ ಮೇಲಿತ್ತು. ಪ್ಯಾನೆಲಿನ ಕಾಗದದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಅಂತರ ಇದ್ದದ್ದು ಸ್ಟ್ಯಾಂಡು, ಕೇಬಲ್, ಅರ್ಥಿಂಗ್ ಬಗ್ಗೆ ಯಾರು ಎಷ್ಟು ಸಾಲು ಬರೆದಿದ್ದಾರೆ ಅನ್ನುವುದರಲ್ಲಿ. ಒಬ್ಬರು ಬರೇ "ಸ್ಟ್ರಕ್ಚರ್ ಸಹಿತ" ಅಂತ ಬರೆದಿದ್ದರು, ಅವರನ್ನು ಅಲ್ಲೇ ಬಿಟ್ಟೆವು.

ಗೃಹಜ್ಯೋತಿಯಲ್ಲಿ ತಿಂಗಳಾ ಸೊನ್ನೆ ಬಿಲ್ ಬರುವ ಮನೆಯವರು ಸುಮ್ಮನಿರುವುದೇ ಲೇಸು ಅಂತ ನಾನು ಹೇಳಿ ಕಳಿಸುತ್ತೇನೆ. ನಮ್ಮಂತೆ 200 ಯೂನಿಟ್ ದಾಟುವವರಿಗೆ ಇದರ ಲೆಕ್ಕ ಕೂಡಿಬರುತ್ತದೆ.

ಉಳಿದದ್ದು ನೆರಳು, ಸದ್ಯ ನಮ್ಮ ತಲೆನೋವು ಅದೇ. ಮೇ ಆರಂಭದಿಂದ ಆಗಸ್ಟ್ ಎರಡನೇ ವಾರದ ತನಕ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರಿನಲ್ಲಿ ಎಲ್ಲಾ ತಿರುಗುಮುರುಗು. ಡಿಸೆಂಬರ್ 21ರ ನಡುಮಧ್ಯಾಹ್ನ ಹತ್ತು ಅಡಿ ಗೋಡೆಯ ನೆರಳು ಎಂಟು ಅಡಿ ಉತ್ತರಕ್ಕೆ ಚಾಚುತ್ತದೆ, ಬೆಳಗ್ಗೆ-ಸಂಜೆ ಇನ್ನೂ ಉದ್ದ. ದಕ್ಷಿಣದ ಮನೆಯವರು ಎರಡನೇ ಅಂತಸ್ತಿಗೆ ಕಾಲಂ ಕಂಬಿ ಎಬ್ಬಿಸಿದ್ದಾರೆ. ಕಟ್ಟಬೇಡಿ ಅನ್ನಲಾಗದು, ಅವರ ಮನೆ. ತಮ್ಮ ಮೊನ್ನೆ ಒಂದು ಬಿದಿರಿಗೆ ಕೆಂಪು ಬಟ್ಟೆ ಕಟ್ಟಿ, ಅವರನ್ನು ಕೇಳಿಕೊಂಡು ಆ ಕಂಬಿಗೆ ಬಿಗಿದು ಬಂದ. ದಿನಾ ಹತ್ತು ಗಂಟೆಗೆ ಚಹಾ ಕಪ್ಪು ಹಿಡಿದು ಇಬ್ಬರೂ ಮೇಲೆ ಹೋಗಿ ಆ ಬಟ್ಟೆಯ ನೆರಳು ಎಲ್ಲಿ ಬಿತ್ತು ಅಂತ ಸೀಮೆಸುಣ್ಣದ ಗೆರೆ ಎಳೆಯುತ್ತೇವೆ. ನಿನ್ನೆಯ ಗೆರೆ ನನ್ನ ಮೊದಲ ಪ್ಯಾನೆಲಿನಿಂದ ಮೂರು ಅಡಿ ದೂರ ಇತ್ತು.