ಬುರುಡೆಗೆ ಕಲ್ಲು ಕೂರಿಸುವ ಕಿಟ್: ಕಲ್ಲಿಗೆ ಪಾಸ್, ಅಂಟಿಗೆ ಜಸ್ಟ್ ಪಾಸ್

ಒಣಗಿದ ಸೋರೆ ಬುರುಡೆಯ ಮೇಲೆ ಸುಟ್ಟು ಚಿತ್ರ ಬರೆಯುವುದು, ಬಣ್ಣ ಹಾಕುವುದು ನನಗೆ ಹಳೆಯ ಹುಚ್ಚು. ಕಲ್ಲು ಕೂರಿಸುವ, ಅಂದರೆ ಓಡಿನಲ್ಲಿ ಗೆರೆ ಕೊರೆದು ಅದಕ್ಕೆ ಬಣ್ಣದ ಕಲ್ಲಿನ ಚೂರು ತುಂಬಿ ಅಂಟಿಸುವ ಆಸೆಯೂ ಇತ್ತು. ಆದರೆ ಕಲ್ಲು ಒಂದು ಕಡೆ, ಅಂಟು ಇನ್ನೊಂದು ಕಡೆ, ಕೊರೆಯುವ ತುದಿಗಳು ಮತ್ತೊಂದು ಕಡೆ ಅಂತ ಹುಡುಕುವುದು ಯಾರಿಗೆ ಬೇಕು? ಅದಕ್ಕೇ ಎಲ್ಲವೂ ಒಂದೇ ಡಬ್ಬಿಯಲ್ಲಿರುವ ಕಿಟ್ ತರಿಸಿದೆ. ಹೆಸರು ಹೇಳುವುದಿಲ್ಲ. ಇಂಥ ಕಿಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ನೋಡಬೇಕಾದ ವಿಷಯಗಳೂ ಅವೇ.

ಒಳಗೆ ಪುಡಿ ಮಾಡಿದ ಕಲ್ಲಿನ ಮೂರು ಪೊಟ್ಟಣ: ಗಾಢ ನೀಲಿಯ ಲ್ಯಾಪಿಸ್, ಹಸಿರು ಮ್ಯಾಲಕೈಟ್ ಮತ್ತು ಟರ್ಕಾಯ್ಸ್, ಅಂದರೆ ಫಿರೋಜಾ. ನೀರಿನ ಹಾಗೆ ತೆಳ್ಳಗಿರುವ ಸೂಪರ್ ಗ್ಲೂ, ಅದನ್ನು ಬೇಗ ಗಟ್ಟಿ ಮಾಡುವ ಸ್ಪ್ರೇ, ರೋಟರಿ ಟೂಲ್‌ಗೆ (ಕೈಯಲ್ಲಿ ಹಿಡಿದು ಕೊರೆಯುವ, ತುದಿ ತಿರುಗುವ ಸಣ್ಣ ಯಂತ್ರ) ಹಾಕುವ ಎರಡು ತುದಿ, ಸ್ಯಾಂಡ್ ಪೇಪರ್, ಒಂದು ಕಾಗದದ ಮಾಸ್ಕ್.

ಮೊದಲು ಕಲ್ಲಿನ ವಿಷಯ. ಪ್ರತಿ ಪೊಟ್ಟಣದಲ್ಲೂ ದಪ್ಪ ಚೂರು, ಸಣ್ಣ ಚೂರು, ಹಿಟ್ಟಿನಂಥ ಪುಡಿ ಮೂರೂ ಬೇರೆಬೇರೆ ಇವೆ. ಇದು ನಿಜಕ್ಕೂ ಒಳ್ಳೆಯ ಕೆಲಸ. ದಪ್ಪ ಚೂರು ಮೊದಲು ಜೋಡಿಸಿ, ನಡುವಿನ ಸಂದಿಗೆ ಪುಡಿ ತುಂಬಿದರೆ ತೂತು ಉಳಿಯುವುದಿಲ್ಲ. ಲ್ಯಾಪಿಸ್‌ನಲ್ಲಿ ಪೈರೈಟ್ ಅನ್ನುವ ಖನಿಜದ ಚಿನ್ನದ ಬಣ್ಣದ ಚುಕ್ಕೆಗಳು ಕಾಣುತ್ತವೆ, ಉಜ್ಜಿದ ಮೇಲೆ ಇನ್ನೂ ಚೆಂದ. ಫಿರೋಜಾ ಮಾತ್ರ ಅನುಮಾನ ಬರುವಷ್ಟು ನೀಲಿ. ಹತ್ತಿಯನ್ನು ಅಸಿಟೋನ್‌ನಲ್ಲಿ (ನೇಲ್ ಪಾಲಿಶ್ ತೆಗೆಯಲು ಬಳಸುವ ದ್ರವ) ಅದ್ದಿ ಒರೆಸಿದೆ. ಹತ್ತಿ ನೀಲಿಯಾಯಿತು! ಬಣ್ಣ ಹಾಕಿದ ಕಲ್ಲು, ಬಹುಶಃ ಹೌಲೈಟ್. ಹೌಲೈಟ್ ಮೂಲದಲ್ಲಿ ಬಿಳಿ ಕಲ್ಲು, ಬೂದು ಗೆರೆಗಳಿರುತ್ತವೆ. ಬಣ್ಣ ಚೆನ್ನಾಗಿ ಹೀರುತ್ತದೆ, ಅದಕ್ಕೇ ಫಿರೋಜಾದ ವೇಷ ಹಾಕಿಕೊಂಡು ಓಡಾಡುತ್ತದೆ. ನೋಡಲು ಚೆನ್ನಾಗಿಯೇ ಇದೆ, ಆದರೆ ಪೊಟ್ಟಣದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದಿತ್ತು ಅಲ್ವಾ?

ತಮಾಷೆ ಅಂದರೆ ಬುರುಡೆ ಕೆಲಸಕ್ಕೆ ಈ ಮೆತ್ತನೆ ಕಲ್ಲೇ ಸುಲಭ. ಕಲ್ಲುಗಳ ಗಟ್ಟಿತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ (Mohs) ಅಳತೆಯಲ್ಲಿ ಹೌಲೈಟ್ 3.5, ಮ್ಯಾಲಕೈಟ್ 3.5ರಿಂದ 4. ನಿಜವಾದ ಫಿರೋಜಾ 5ರಿಂದ 6, ಲ್ಯಾಪಿಸ್ 5ರ ಆಸುಪಾಸು. ಬುರುಡೆ ಇವೆಲ್ಲಕ್ಕಿಂತ ಮೆತ್ತಗೆ. ಉಜ್ಜಲು ಶುರು ಮಾಡಿದರೆ ಕಲ್ಲು ಜಗ್ಗದೆ ಕೂತಿರುತ್ತದೆ, ಸುತ್ತಲಿನ ಓಡು ಸವೆದು ಹಳ್ಳವಾಗುತ್ತದೆ. ಲ್ಯಾಪಿಸ್ ಕೂರಿಸಿದ ಗೆರೆಯ ಮೇಲೆ ಬೆರಳಾಡಿಸಿದರೆ ಉಬ್ಬು ತಿಳಿಯುವುದು ಇದರಿಂದಲೇ. ಸಣ್ಣ ಗಟ್ಟಿ ಪಟ್ಟಿಗೆ ಸ್ಯಾಂಡ್ ಪೇಪರ್ ಸುತ್ತಿ ಕಲ್ಲಿನ ಮೇಲಷ್ಟೇ ಉಜ್ಜಬೇಕು. ಕೈಯಲ್ಲಿ ಸುಮ್ನೆ ಮಡಚಿ ಹಿಡಿದರೆ ಆಗುವುದಿಲ್ಲ. ಕಿಟ್‌ನಲ್ಲಿ 120, 220, 400 ನಂಬರಿನ ಹಾಳೆಗಳಿವೆ. ಮೊದಲ ಒರಟು ಕೆಲಸಕ್ಕೆ 80 ಬೇಕೇ ಬೇಕು, ಅದು ಇಲ್ಲ.

ಕೊರೆಯುವ ತುದಿಗಳು ಚೆನ್ನಾಗಿವೆ. ಒಂದು ಗುಂಡು ತುದಿ, ಇನ್ನೊಂದು ಕೆಳಗೆ ಅಗಲವಾಗಿರುವ ತಲೆಕೆಳಗಾದ ಶಂಕು. ಎರಡನೆಯದೇ ಮುಖ್ಯ. ಅದು ಗೆರೆಯ ತಳವನ್ನು ಬಾಯಿಗಿಂತ ಅಗಲ ಮಾಡುತ್ತದೆ, ತುಂಬಿದ ಕಲ್ಲು ಮೇಲೆ ಕಿತ್ತು ಬರುವುದಿಲ್ಲ. 2ರಿಂದ 3 ಮಿಲಿಮೀಟರ್ ಆಳ ಸಾಕು. ಆದ್ದರಿಂದ ದಪ್ಪ ಓಡಿನ ಬುರುಡೆಯನ್ನೇ ಆರಿಸಿಕೊಳ್ಳಿ.

ಈಗ ಅಂಟು. ನನ್ನ ತಕರಾರೆಲ್ಲ ಇಲ್ಲೇ. ಜೊತೆಗಿರುವ ಸೂಚನೆ ಮರದ ಕೆಲಸ ಮಾಡುವವರಿಗೆ ಬರೆದದ್ದು. 'ತುಂಬಿ, ಅಂಟು ಬಿಡಿ, ಸ್ಪ್ರೇ ಮಾಡಿ' ಅಷ್ಟೇ. ಬುರುಡೆಯ ಓಡು ಹೊರಗೆ ಗಟ್ಟಿ, ಒಳಗೆ ಬೆಂಡು. ತೆಳು ಅಂಟು ಬೆಂಡಿಗೆ ಸರ್ರನೆ ಇಳಿಯುತ್ತದೆ. ಗೆರೆಯ ಅಂಚಿನಲ್ಲಿ ಹೊರಮೈಗೂ ಹರಡಿ ಕಪ್ಪು ಕಲೆ ಮಾಡುತ್ತದೆ. ಆ ಜಾಗ ಆಮೇಲೆ ಬಣ್ಣವನ್ನೇ ಹಿಡಿಯುವುದಿಲ್ಲ. ನಾನು ಮೊದಲು ಗೆರೆಯ ಒಳಗೂ ಅಂಚಿಗೂ ತೆಳ್ಳಗೆ ಅರಗಿನ ಪಾಲಿಶ್ ಬಳಿದು ಒಣಗಿಸುತ್ತೇನೆ. ಆಮೇಲೆ ಕಲ್ಲು, ಆಮೇಲೆ ಹನಿಹನಿಯಾಗಿ ಅಂಟು. ಒಂದೇ ಸಲ ಸುರಿದರೆ ಮೇಲ್ಭಾಗ ಗಟ್ಟಿಯಾಗಿ ತಳ ಹಸಿಯಾಗಿಯೇ ಉಳಿಯುತ್ತದೆ. ಪದರ ಪದರವಾಗಿ ಹಾಕುವುದೇ ಸರಿ. ಸ್ಪ್ರೇ ಅಂತೂ ಡಬ್ಬಿಯಲ್ಲೇ ಇರಲಿ. ಜಾಸ್ತಿ ಬಿದ್ದರೆ ಅಂಟು ಬಿಸಿಯಾಗಿ ನೊರೆಯ ಹಾಗೆ ಉಬ್ಬಿ ಬೆಳ್ಳಗಾಗುತ್ತದೆ. ಗಾಢ ಲ್ಯಾಪಿಸ್ ಮೇಲೆ ಆ ಬಿಳುಪು ಎದ್ದು ಕಾಣುತ್ತದೆ. ಅಂದಹಾಗೆ, ಚೆಲ್ಲಿದ ಅಂಟನ್ನು ಹತ್ತಿ ಬಟ್ಟೆಯಲ್ಲಿ ಒರೆಸಬೇಡಿ. ಹತ್ತಿಗೆ ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಹೊಗೆಯೂ ಬರುತ್ತದೆ. ಈ ಎಚ್ಚರಿಕೆ ಸೂಚನೆಯಲ್ಲಿ ಎಲ್ಲೂ ಇಲ್ಲ.

ಬಣ್ಣ ಯಾವಾಗ ಹಾಕಬೇಕು ಅಂತಲೂ ಹೇಳಿಲ್ಲ. ಮೊದಲೇ ಹಾಕಿದರೆ ಉಜ್ಜುವಾಗ ಹೋಗುತ್ತದೆ. ಆಮೇಲೆ ಹಾಕಿದರೆ ಹೌಲೈಟ್ ಅದನ್ನೂ ಹೀರುತ್ತದೆ. ಹಾಗಾಗಿ ಉಜ್ಜಿ ಮುಗಿಸಿ, ಕಲ್ಲಿನ ಮೇಲೆ ಮಾತ್ರ ಸಣ್ಣ ಬ್ರಷ್‌ನಲ್ಲಿ ವಾರ್ನಿಷ್ ಎಳೆದು, ನಂತರ ಬುರುಡೆಗೆ ಬಣ್ಣ ಹಾಕುತ್ತೇನೆ.

ಕಾಗದದ ಮಾಸ್ಕ್ ಸುಮ್ನೆ ಲೆಕ್ಕಕ್ಕೆ ಇಟ್ಟದ್ದು. ಬುರುಡೆಯ ಧೂಳು ಮೂಗು, ಗಂಟಲು ಕೆರೆಸುತ್ತದೆ. ಮ್ಯಾಲಕೈಟ್ ತಾಮ್ರದ ಕಲ್ಲು, ಅದರ ಧೂಳು ಒಳಗೆ ಹೋಗಲೇಬಾರದು. ಫಿಲ್ಟರ್ ಇರುವ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ.

ಕಲ್ಲಿಗೆ ಮತ್ತು ತುದಿಗಳಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ, ಅಂಟು ಮತ್ತು ಸೂಚನೆಗೆ ಎರಡು. ಲ್ಯಾಪಿಸ್ ಖಾಲಿಯಾಗುತ್ತಾ ಬಂದಿದೆ. ಮುಂದಿನ ಸಲ ಪೂರ್ತಿ ಕಿಟ್ ತರಿಸುವುದಿಲ್ಲ, ಕಲ್ಲಿನ ಪೊಟ್ಟಣ ಬಿಡಿಯಾಗಿ ಸಿಗುತ್ತದೆ. ಅಗಲವಾದ ಗೆರೆಗಳಿಗೆ ಈ ಅಂಟಿನ ಬದಲು ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಹಾಕಿ ನೋಡುವ ಯೋಚನೆ ಇದೆ. ನಿಧಾನಕ್ಕೆ ಗಟ್ಟಿಯಾದರೂ ಪರವಾಗಿಲ್ಲ, ನೊರೆ ಬಾರದಿದ್ದರೆ ಸಾಕು.